69ನೇ ವಯಸ್ಸಲ್ಲಿ ಲಿನಕ್ಸ್: ನನ್ನ ಮಳೆ ಲೆಕ್ಕ, ನುಡಿ ಫೈಲು ಉಳಿಯುತ್ತವಾ?

ಮಳೆ ಲೆಕ್ಕದವ, ನಾಪೋಕ್ಲು

ಎಂಟು ಎಕರೆ ಕಾಫಿ ತೋಟದವನು ನಾನು. ಲ್ಯಾಪ್‌ಟಾಪಿಗೆ ಹತ್ತು ವರ್ಷ ಕಳೆದಿದೆ. ಐದನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ಇದಕ್ಕೆ ಹತ್ತುವುದಿಲ್ಲವಂತೆ. ಪೇಟೆಯ ಒಂದು ಅಂಗಡಿಗೆ ಒಯ್ದರೆ ಹುಡುಗ ಮುಚ್ಚಳ ಕೂಡ ತೆರೆಯದೆ "ಅಂಕಲ್, ಗುಜರಿಗೆ ಹಾಕಿ" ಅಂದ. ಕೀಲಿಮಣೆಯ ಒಂದಕ್ಷರ ಮಾಸಿಲ್ಲ ಮಾರಾಯ್ರೇ, ಯಾಕೆ ಹಾಕಲಿ? ಬೆಂಗಳೂರಿನ ಮೊಮ್ಮಗ "ಲಿನಕ್ಸ್ ಹಾಕ್ಕೊಳ್ಳಿ ತಾತ" ಅಂತ ಒಂದು ಮೆಸೇಜು ಕಳಿಸಿ ಸುಮ್ಮನಾದ. ವಿಂಡೋಸ್ ಬದಲು ಹಾಕುವ ಬಿಟ್ಟಿ ವ್ಯವಸ್ಥೆಯಂತೆ ಅದು.

1998ರಿಂದ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ (ನೂರು ಸೆಂಟಿಗೆ ಒಂದಿಂಚು) ಬರೆದಿಟ್ಟದ್ದೆಲ್ಲ ಎಕ್ಸೆಲಿನಲ್ಲಿದೆ. ಮಾರ್ಚಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ರಾತ್ರಿಯೇ ಅಕ್ಕಪಕ್ಕದ ತೋಟದವರು "ನಿಮ್ಮಲ್ಲಿ ಎಷ್ಟು ಸೆಂಟ್?" ಅಂತ ಫೋನ್ ಮಾಡುತ್ತಾರೆ. ಅದು ಹೋದರೆ ನಾನೂ ಹೋದ ಹಾಗೆ. ಅದಲ್ಲದೆ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರಗಳು ನೂರಾರಿವೆ. ಬೆರಳಿಗೆ ಅದರ ಕೀಲಿ ವಿನ್ಯಾಸ ಬಿಟ್ಟು ಬೇರೆ ಬರುವುದಿಲ್ಲ.

ಗೋಣಿಕೊಪ್ಪದಿಂದ

ಲಿನಕ್ಸಿನ ಒಂದು ಬಗೆಯಾದ ಮಿಂಟ್, ಅದರ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ ಸರ್, 4 ಜಿಬಿಯಲ್ಲಿ ಓಡುತ್ತದೆ. ಮೊದಲು ಮಳೆ ಫೈಲನ್ನು ಎರಡು ಕಡೆ ಕಾಪಿ ಮಾಡಿ. ಇದರಲ್ಲಿ ಸೋಮಾರಿತನ ಬೇಡ. ಆಮೇಲೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಶುರು (ಬೂಟ್) ಮಾಡಿ ಎರಡು ದಿನ ನೋಡಿ. ಇನ್‌ಸ್ಟಾಲ್ ಒತ್ತುವ ತನಕ ಡಿಸ್ಕಿನಲ್ಲಿರುವ ವಿಂಡೋಸಿಗೆ ಏನೂ ಆಗುವುದಿಲ್ಲ. ಡೌನ್‌ಲೋಡ್ 3 ಜಿಬಿ ಹತ್ತಿರ ಇದೆ, ಮಳೆಯಲ್ಲಿ ನಿಮ್ಮ ಕಡೆಯ ನೆಟ್ ನಂಬಬೇಡಿ, ಪೇಟೆಯಲ್ಲಿ ಇಳಿಸಿಕೊಳ್ಳಿ.

ನುಡಿ ಕೀಲಿ ಅಲ್ಲೂ ಇದೆ. ಐಬಸ್-ಎಂ17ಎನ್ ಅನ್ನುವ ಟೈಪಿಂಗ್ ತಂತ್ರಾಂಶ ಹಾಕಿದರೆ ಕನ್ನಡದ ಪಟ್ಟಿಯಲ್ಲಿ "ಕೆಜಿಪಿ" ಅಂತ ಬರುತ್ತದೆ. ಕನ್ನಡ ಕೀಲಿಮಣೆ ರೂಪಿಸಿದ ಕೆ. ಪಿ. ರಾವ್ ಅವರ ಅದೇ ವಿನ್ಯಾಸ: ಡಬ್ಲ್ಯೂ ಒತ್ತಿದರೆ ಡ, ಒತ್ತಕ್ಷರಕ್ಕೆ ಎಫ್. ಹಳೆ ಪತ್ರ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಗಾಬರಿಯಾಗಬೇಡಿ, ಅವು ಎಲ್ಲ ಕಂಪ್ಯೂಟರಲ್ಲೂ ಒಂದೇ ಆಗಿರುವ ಯೂನಿಕೋಡ್ ಸಂಕೇತದಲ್ಲಿಲ್ಲ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟು ತಂದು ಹಾಕಿದರೆ ಕನ್ನಡ ಕಾಣುತ್ತದೆ.

ಕುಶಾಲನಗರದ ಲೆಕ್ಕಿಗ

ಎಲ್ಲರೂ ಲಿನಕ್ಸ್ ಅನ್ನುವುದು ಸುಲಭ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಇದ್ದರೆ ಅಲ್ಲಿ ನೇರವಾಗಿ ಓಡುವುದಿಲ್ಲ, ನೆನಪಿರಲಿ. ಅವಸರ ಇಲ್ಲದಿದ್ದರೆ ವಿಂಡೋಸ್ 10ರ ವಿಸ್ತರಿತ ಸೆಕ್ಯುರಿಟಿ ಅಪ್‌ಡೇಟಿಗೆ ಸೇರಿಕೊಳ್ಳಿ, 2026ರ ಅಕ್ಟೋಬರ್ 13ರವರೆಗೆ ಕಾಲ ತಳ್ಳಬಹುದು.

ಮಳೆ ಲೆಕ್ಕದವ, ನಾಪೋಕ್ಲು

ಟ್ಯಾಲಿ ನಮಗೆ ಬೇಡ, ಆಳುಗಳ ಸಂಬಳ ಇನ್ನೂ ಪುಸ್ತಕದಲ್ಲೇ.

ಹಾಕಿದೆ. ಮೊದಲ ಸಲ ಕರೆಂಟ್ ಹೋಗಿ ಅರ್ಧಕ್ಕೇ ಸತ್ತಿತು. ಈ ಬ್ಯಾಟರಿ ಇಪ್ಪತ್ತು ನಿಮಿಷದ್ದು. ಮಾರನೇ ದಿನ ಜನರೇಟರ್ ಹಾಕಿ ಕೂತೆ. ಮೊದಲು ತೆರೆದದ್ದು 2018ರ ಆಗಸ್ಟ್ ಹಾಳೆ. ಆಗ ದಿನಗಟ್ಟಲೆ ಕರೆಂಟಿಲ್ಲದೆ ಕ್ಯಾಲೆಂಡರಿನ ಹಿಂದೆ ಬರೆದು ಆಮೇಲೆ ಏರಿಸಿದ್ದು. ಎಕ್ಸೆಲ್ ಬದಲು ಲಿನಕ್ಸಿನಲ್ಲಿರುವ ಲಿಬ್ರೆ ಆಫೀಸಿನಲ್ಲಿ ತಿಂಗಳ ಮೊತ್ತ ಹಾಗೇ ಬಂತು. ಹಳೆ ಕ್ಯಾಲೆಂಡರ್ ತೆಗೆದು ತಾಳೆ ನೋಡಿದೆ, ಒಂದು ಸೆಂಟೂ ಆಚೀಚೆ ಇಲ್ಲ. ಮೇಲಿನ ಕನ್ನಡ ಶೀರ್ಷಿಕೆ ಮಾತ್ರ ನೀವು ಹೇಳಿದ ಹಾಗೇ ಅಡ್ಡಾದಿಡ್ಡಿ. ಫಾಂಟು ಹಾಕಿದ ಮೇಲೆ ಸರಿಯಾಯಿತು.

ಈ ಉತ್ತರ ಕೆಜಿಪಿಯಲ್ಲೇ ಒತ್ತುತ್ತಿದ್ದೇನೆ. ವಿಂಡೋಸನ್ನೂ ಪಕ್ಕದಲ್ಲೇ ಉಳಿಸಿಕೊಂಡಿದ್ದೇನೆ, ಅಳಿಸಲು ಧೈರ್ಯ ಬಂದಿಲ್ಲ. ಪ್ರಿಂಟರ್ ಮಾತ್ರ ದೀಪ ಮಿನುಗಿಸಿ ಸುಮ್ಮನಾಗುತ್ತದೆ, ಕಾಗದ ಎಳೆಯುವುದಿಲ್ಲ. ಗೋಣಿಕೊಪ್ಪದವರೇ, ಮಾಡೆಲ್ ನಂಬರ್ ಹಾಕಲಾ?