ಕಾರಿಗೆ ಇನ್ನೊಂದು ರಿಮೋಟ್ ಸೇರಿಸಬೇಕು, ಮಾಡಿದವರು ಯಾರಾದ್ರೂ ಹೇಳಿ

ಕೇಳಿದವರು, ತುಮಕೂರು:
ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತೆಗೆದುಕೊಂಡಿದ್ದೇನೆ. ಹಿಂದಿನ ಓನರ್ ಹೊರಗಡೆ ಅಂಗಡಿಯಲ್ಲಿ ಸೆಕ್ಯೂರಿಟಿ ಅಲಾರಂ ಹಾಕಿಸಿದ್ದಾರೆ. ಕೈಗೆ ಬಂದಿದ್ದು ಒಂದೇ ರಿಮೋಟ್. ಅದೇ ಥರದ್ದು ಇನ್ನೊಂದು ತಂದೆ, ಒತ್ತಿದರೆ ಏನೂ ಆಗುತ್ತಿಲ್ಲ. ಪ್ರೋಗ್ರಾಂ ಮಾಡಬೇಕಂತೆ. ಮನೆಯಲ್ಲೇ ಆಗುತ್ತದಾ?

ಕ್ಯಾತ್ಸಂದ್ರದಿಂದ:
ಆಗುತ್ತದೆ. ಆದರೆ ಎರಡೂ ರಿಮೋಟ್ ಪಕ್ಕದಲ್ಲಿ ಇಟ್ಟುಕೊಂಡೇ ಶುರು ಮಾಡಿ. ನಾನು ಹೊಸದನ್ನು ಮಾತ್ರ ಹಿಡಿದು ಕೂತಿದ್ದೆ, ಹಳೆಯದು ಮನೆಯಲ್ಲಿತ್ತು. ಹೊಸದೇನೋ ಸೇರಿತು. ಸಂಜೆ ಹೆಂಡತಿ ಹಳೆಯದನ್ನು ಒತ್ತಿದರೆ ಅದು ಸತ್ತೇ ಹೋಗಿತ್ತು! ಇಂಥ ಎಷ್ಟೋ ಅಲಾರಂಗಳಲ್ಲಿ ಹೊಸ ರಿಮೋಟ್ ಕಲಿಸುವಾಗ ಹಳೆಯವೆಲ್ಲ ಅಳಿಸಿಹೋಗುತ್ತವೆ. ಎಲ್ಲವನ್ನೂ ಒಂದೇ ಸಲಕ್ಕೆ ಸೇರಿಸಬೇಕು.

ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ ವ್ಯಾಲೆಟ್ ಬಟನ್ ಅಂತ ಅಲಾರಂ ಸೆಟ್ಟಿಂಗಿನ ಗುಂಡಿ ಒಂದು ಇರುತ್ತದೆ, ಹುಡುಕಿ. ನನ್ನ ಕಾರಿನಲ್ಲಿ ಅದು ಕಡಲೆಕಾಯಿ ಬೀಜದಷ್ಟು. ಫ್ಯೂಸ್ ಬಾಕ್ಸ್ ಹಿಂದೆ ವೈರುಗಳ ಜೊತೆ ಟೇಪ್ ಸುತ್ತಿ ಬಿಟ್ಟಿದ್ದರು. ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಪೆಡಲ್ ಹತ್ತಿರ ತಲೆ ಇಟ್ಟು ಹುಡುಕಿದೆ. ನನ್ನದಕ್ಕೆ ಇಗ್ನಿಷನ್ ಆನ್ ಮಾಡಿ ಬಟನ್ 3 ಸಲ ಒತ್ತಬೇಕು. ಸೈರನ್ 'ಪೀಂ' ಅನ್ನುತ್ತದೆ. ಆಗ ರಿಮೋಟಿನ ಲಾಕ್ ಒತ್ತಿ ಹಿಡಿದರೆ ಇನ್ನೊಂದು 'ಪೀಂ'. ತಕ್ಷಣ ಎರಡನೇ ರಿಮೋಟ್. ತಡ ಮಾಡಿದರೆ ಮೊದಲಿನಿಂದ ಶುರು. ನಿಮ್ಮದಕ್ಕೆ ಈ ಲೆಕ್ಕ ಬೇರೆ ಇರಬಹುದು, ಅಲಾರಂ ಬಾಕ್ಸಿನ ಮಾಡೆಲ್ ನಂಬರ್ ನೋಡಿ ಅದರ ಮ್ಯಾನುಯಲ್ ಹುಡುಕಿ.

ತಟ್ಟೆ ಇಡ್ಲಿ ಹೋಟೆಲ್ ಎದುರು ಮಾತ್ರ ಈ ಕೆಲಸ ಬೇಡ. ನಾನು ಲೆಕ್ಕ ತಪ್ಪಿದೆ, ಸೈರನ್ ಕಿರುಚಿಕೊಂಡಿತು. ತಟ್ಟೆ ಹಿಡಿದು ನಿಂತವರೆಲ್ಲ ಕಾರು ಕಳ್ಳನನ್ನು ನೋಡಿದ ಹಾಗೆ ನೋಡಿದರು.

ಮುಳಬಾಗಿಲಿನಿಂದ:
ಹಳೆಯದು ಅಳಿಸಿಹೋದರೆ ನಿಮಗೆ ಒಳ್ಳೆಯದೇ. ಹಿಂದಿನ ಓನರ್ ಮನೆಯ ಡ್ರಾದಲ್ಲಿ ಇನ್ನೊಂದು ರಿಮೋಟ್ ಬಿದ್ದಿರಬಹುದು ಅಲ್ವಾ? ಸೆಕೆಂಡ್ ಹ್ಯಾಂಡ್ ಕಾರು ತಂದವರು ಒಂದೇ ರಿಮೋಟ್ ಇದ್ದರೂ ಅದನ್ನು ಹೊಸದಾಗಿ ಪ್ರೋಗ್ರಾಂ ಮಾಡಿಸಬೇಕು.

ಚಿಂತಾಮಣಿಯಿಂದ:
ಮೊದಲು ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಡಿ. ಮೇಲಿನ ಪ್ಲಾಸ್ಟಿಕ್ ಒಂದೇ ಇದ್ದು ಒಳಗಿನ ಬೋರ್ಡ್ ಬೇರೆ ಇದ್ದರೆ ಎಷ್ಟು ಒತ್ತಿದರೂ ಸುಮ್ನೆ. ಎರಡರದೂ ಫ್ರೀಕ್ವೆನ್ಸಿ 433.92 ಮೆಗಾಹರ್ಟ್ಸ್ ಅಂತ ಇದ್ದರೂ ಸಾಲದು, ಕೋಡ್ ಕೂಡ ಅದೇ ಜಾತಿಯದು ಇರಬೇಕು. ಸೆಲ್ಲನ್ನೂ ನೋಡಿ. ಕೆಲವಕ್ಕೆ ಸಿಆರ್2032 ಬಿಲ್ಲೆ, ಕೆಲವಕ್ಕೆ 12 ವೋಲ್ಟಿನ ಪುಟ್ಟ 27ಎ. 'ಯಾವ ರಿಮೋಟ್ ಆದರೂ ಕಾಪಿ ಮಾಡುತ್ತೆ' ಅಂತ ಮಾರುವುದನ್ನು ನಂಬಬೇಡಿ. ಒತ್ತಿದಾಗಲೆಲ್ಲ ಕೋಡ್ ಬದಲಾಗುವ ರೋಲಿಂಗ್ ಕೋಡ್ ಆದರೆ ಆ ಕಾಪಿ ಕೆಲಸಕ್ಕೆ ಬರುವುದಿಲ್ಲ. ನನ್ನ 400 ರೂಪಾಯಿ ಹಾಗೇ ಹೋಯಿತು.

ಚಿಕ್ಕಬಳ್ಳಾಪುರದಿಂದ:
ಒಂದು ಮಾತು. ಈ ರಿಮೋಟಿನಲ್ಲಿ ಬಾಗಿಲು, ಸೈರನ್ ಅಷ್ಟೇ. ಕಂಪನಿ ಕೀ ಒಳಗಿನ ಇಮ್ಮೊಬಿಲೈಸರ್ ಚಿಪ್ ಬೇರೆ, ಅದಿಲ್ಲದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಅದನ್ನು ಸೇರಿಸಲು ಕಾರಿನ ಕಂಪ್ಯೂಟರಿಗೆ ಕನೆಕ್ಟ್ ಆಗುವ ಒಬಿಡಿ ಪೋರ್ಟಿಗೆ ಮಷಿನ್ ಹಾಕಬೇಕು. ಸ್ಪೇರ್ ಕೀಯೂ ಬೇಕಿದ್ದರೆ ಆ ಖರ್ಚು ಪ್ರತ್ಯೇಕ.

ಕೇಳಿದವರು:
ಬಟನ್ ಸಿಕ್ಕಿತು, ಹ್ಯಾಂಡ್‌ಬ್ರೇಕ್ ಪಕ್ಕದ ಕಾರ್ಪೆಟ್ ಅಡಿಯಲ್ಲಿ! ಭಾನುವಾರ ಬೆಳಿಗ್ಗೆ ಅಮಾನಿಕೆರೆ ಹತ್ತಿರ ಖಾಲಿ ಜಾಗ ನೋಡಿ ಮಾಡಿದೆ. ಎರಡೂ ಸೇರಿದವು. ಡಿಕ್ಕಿ ಬಟನ್ ಮಾತ್ರ ಎರಡರಲ್ಲೂ ಸುಮ್ಮನಿದೆ. ಅದಕ್ಕೆ ವೈರೇ ಎಳೆದಿಲ್ಲ ಅನಿಸುತ್ತದೆ. ಯಾರಾದರೂ ಎಳೆಸಿದ್ದೀರಾ?