ಸಹಾಯ ಬೇಕು: ಉಪಗುತ್ತಿಗೆ ಕಾರ್ಮಿಕ ಪಾಲಿಸಿಯಲ್ಲಿಲ್ಲ ಎನ್ನುತ್ತಿದೆ ವಿಮಾ ಕಂಪನಿ

ನಮಸ್ಕಾರ. ಕಾರ್ಮಿಕ ಪರಿಹಾರದ ಕೇಸು ನಡೆಸಿದವರು ದಯವಿಟ್ಟು ಇದನ್ನು ನೋಡಿ.

ಅಪಘಾತ 2023ರದ್ದು, ಅರ್ಜಿ 1923ರ ನೌಕರರ ಪರಿಹಾರ ಕಾಯಿದೆಯಡಿ, ಎರಡು ವರ್ಷದ ಗಡುವಿನೊಳಗೇ ಹಾಕಿದ್ದಾಗಿದೆ. 30 ವರ್ಷದ ಗಾರೆ ಕೆಲಸಗಾರ ಸಾರುವೆಯಿಂದ ಬಿದ್ದು ಹಿಮ್ಮಡಿ ಮೂಳೆ ಪುಡಿಯಾಗಿದೆ. ಗಳಿಕೆ ಸಾಮರ್ಥ್ಯದ ನಷ್ಟ 40% ಎಂದು ವೈದ್ಯರು ಬರೆದಿದ್ದಾರೆ. ಸಂಬಳ 15,000ದ 60%, ವಯಸ್ಸಿಗೆ ತಕ್ಕ ಗುಣಕ 207.98, ಅದರ 40%: ಒಟ್ಟು 7,48,728 ರೂಪಾಯಿ. ಇದರಲ್ಲಿ ತಕರಾರಿಲ್ಲ.

ತಕರಾರು ಪಾಲಿಸಿಯದ್ದು. ಅದು ಮುಖ್ಯ ಗುತ್ತಿಗೆದಾರರ ಹೆಸರಲ್ಲಿದೆ. ಈತ ಉಪಗುತ್ತಿಗೆದಾರನ ಆಳು, ಇವನ ಕೂಲಿಗೆ ಪ್ರೀಮಿಯಂ ಕಟ್ಟಿಲ್ಲ ಎಂಬುದು ಕಂಪನಿಯ ವಾದ. ಸೆಕ್ಷನ್ 12ರಡಿ ಮುಖ್ಯ ಗುತ್ತಿಗೆದಾರರ ಹೊಣೆ ಸ್ಪಷ್ಟ. ಆ ಹೊಣೆಯನ್ನು ಪಾಲಿಸಿ ಹೊರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಬೆರೆಸಿ ವಾದಿಸಿದರೆ ಕೇಸು ಕೆಡುತ್ತದೆ.

ಕೈಯಲ್ಲಿರುವುದು ಪಾಲಿಸಿಯ ಷೆಡ್ಯೂಲಿನ (ಯಾರಿಗೆ ಕವರೇಜ್ ಎಂಬ ವಿವರಪಟ್ಟಿಯ) ಒಂದೇ ಹಾಳೆ. "ಗಾರೆಯವರು 6, ಸಹಾಯಕರು 10" ಎಂದಷ್ಟೇ ಇದೆ, ಹೆಸರುಗಳಿಲ್ಲ. ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸಿದ ಷರತ್ತುಗಳ) ಪುಟಗಳನ್ನು ಕಂಪನಿ ಹಾಜರುಪಡಿಸಿಲ್ಲ. ದಾಖಲೆ ತರಿಸುವ ಅಧಿಕಾರ ಸೆಕ್ಷನ್ 23ರಡಿ ಪರಿಹಾರದ ಅರ್ಜಿ ವಿಚಾರಿಸುವ ಕಮಿಷನರಿಗಿದೆ, ಆ ಅರ್ಜಿ ಹಾಕುತ್ತಿದ್ದೇವೆ.

ಕೇಳಬೇಕಾದ್ದು ಇಷ್ಟು: ಉಪಗುತ್ತಿಗೆ ಕಾರ್ಮಿಕರನ್ನು ಸೇರಿಸುವ ಎಂಡಾರ್ಸ್‌ಮೆಂಟಿನ ಪದಗಳು ಯಾರ ಬಳಿಯಾದರೂ ಇವೆಯೇ? ಹೆಸರಿಲ್ಲದೆ ತಲೆಲೆಕ್ಕ ಮಾತ್ರ ಇದ್ದ ಷೆಡ್ಯೂಲಿನ ಮೇಲೆ ಕವರೇಜ್ ಒಪ್ಪಿದ ಹೈಕೋರ್ಟ್ ತೀರ್ಪು ಗೊತ್ತೇ? ಅಪಘಾತದ ದಿನ ಸೈಟಿನಲ್ಲಿ ಎಷ್ಟು ಜನರಿದ್ದರೆಂಬ ಹಾಜರಿ ಪುಸ್ತಕ ಇಲ್ಲಿ ಮುಖ್ಯವಾಗಬಹುದು. ಅದನ್ನು ಸಾಬೀತು ಮಾಡಿದವರು ಯಾರನ್ನು ಸಾಕ್ಷಿ ಕರೆಸಿದಿರಿ?

ತಡವಾದಷ್ಟೂ ಪರಿಹಾರದ ಮೇಲೆ ಬೆಳೆಯುವ 12% ಬಡ್ಡಿಯನ್ನು ಪಾಲಿಸಿ ಹೊರಗಿಟ್ಟಿದ್ದರೆ ಅದು ಮಾಲೀಕರ ತಲೆಗೇ ಬರುತ್ತದೆ. ಹಾಗಾಗಿ ಬೇಗ ತಿಳಿಸಿದರೆ ಉಪಕಾರ.