ಪದಚರ್ಚೆ: ‘ನಾಸ್ತಿಕ’ ಎಂದರೆ ಏನನ್ನು ಒಪ್ಪದವನು? ‘ಸೃಷ್ಟಿ’ ಎಂದರೆ ಕರ್ತೃ ಬೇಕೇ?

ಬಳಗದವರಿಗೆ ನಮಸ್ಕಾರ.

ದೇವರಿದ್ದಾನೆಯೇ, ಈ ವಿಶ್ವ ಹೇಗೆ ಬಂತು ಎಂಬ ವಿಷಯದ ಮೇಲೆ ನಡೆದ ಒಂದು ಚರ್ಚಾಗೋಷ್ಠಿಯ ಮಾತುಗಳನ್ನು ಬರಹಕ್ಕಿಳಿಸಿ ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ವಾದದಲ್ಲಿ ಯಾರು ಗೆದ್ದರು ಎಂಬುದು ತಿದ್ದುವವನಿಗೆ ಸಂಬಂಧವಿಲ್ಲ. ಆದರೆ ಒಬ್ಬರು ಒಂದು ಅರ್ಥದಲ್ಲಿ ಆಡಿದ ಪದವನ್ನು ಎದುರಿನವರು ಬೇರೆ ಅರ್ಥದಲ್ಲಿ ಹಿಡಿದುಕೊಂಡು ಅರ್ಧ ಗಂಟೆ ಉತ್ತರ ಕೊಟ್ಟಿದ್ದಾರೆ. ಸಭೆ ಇಬ್ಬರಿಗೂ ಚಪ್ಪಾಳೆ ತಟ್ಟಿದೆ. ಎಡವಟ್ಟು ಇರುವುದು ಮುಖ್ಯವಾಗಿ ಎರಡು ಪದಗಳಲ್ಲಿ. ತಿಳಿದವರು ಅಭಿಪ್ರಾಯ ಹೇಳಬೇಕು.

ಮೊದಲನೆಯದು ‘ನಾಸ್ತಿಕ’. ಇಂದಿನ ಕನ್ನಡದಲ್ಲಿ ಇದಕ್ಕೆ ದೇವರಿಲ್ಲ ಎನ್ನುವವನು ಎಂದೇ ಅರ್ಥ. ಪದದಲ್ಲಿ ಮಾತ್ರ ದೇವರ ಸುಳಿವೇ ಇಲ್ಲ. ಇರುವುದು ‘ಇಲ್ಲ’ ಎಂಬುದಷ್ಟೇ. ಏನು ಇಲ್ಲ ಎಂಬುದನ್ನು ಕಾಲಕಾಲಕ್ಕೆ ಬೇರೆಬೇರೆಯವರು ತುಂಬಿಕೊಂಡಿದ್ದಾರೆ. ಸಂಸ್ಕೃತ ವೈಯಾಕರಣ ಪಾಣಿನಿಯ ‘ಅಸ್ತಿ ನಾಸ್ತಿ ದಿಷ್ಟಂ ಮತಿಃ’ (4.4.60) ಸೂತ್ರದಿಂದ ಆಸ್ತಿಕ, ನಾಸ್ತಿಕ, ದೈಷ್ಟಿಕ (ವಿಧಿಯನ್ನು ನಂಬುವವನು) ಎಂಬ ಮೂರು ರೂಪಗಳು ಸಿದ್ಧವಾಗುತ್ತವೆ. ಪಾಣಿನಿಯ ಸೂತ್ರಗಳಿಗೆ ವ್ಯಾಖ್ಯಾನವಾದ ಕಾಶಿಕಾವೃತ್ತಿ ಇಲ್ಲಿ ತುಂಬುವುದು ಪರಲೋಕವನ್ನು: ಪರಲೋಕ ಉಂಟು ಎಂದು ತಿಳಿದವನು ಆಸ್ತಿಕ. ಮನುಸ್ಮೃತಿ (2.11) ‘ನಾಸ್ತಿಕೋ ವೇದನಿಂದಕಃ’ ಎಂದು ವೇದವನ್ನು ತುಂಬುತ್ತದೆ. ಈಶ್ವರನನ್ನು ತುಂಬಿದ ಅರ್ಥ ಇವೆರಡರ ಜೊತೆಗೆ ಮೂರನೆಯದು. ನಮ್ಮ ಬಳಕೆಯಲ್ಲಿ ಉಳಿದಿರುವುದು ಅದೊಂದೇ.

ಇದು ಬರೀ ಪಂಡಿತರ ಕೂದಲು ಸೀಳುವ ಕೆಲಸ ಅನ್ನಿಸಬಹುದು. ಆದರೆ ಗೋಷ್ಠಿಯಲ್ಲಿ ಒಬ್ಬರು ‘ನಮ್ಮ ಪರಂಪರೆಯಲ್ಲಿ ಆಸ್ತಿಕದರ್ಶನಗಳು ಆರು, ಆರೂ ದೇವರನ್ನು ಒಪ್ಪುತ್ತವೆ’ ಎಂದುಬಿಟ್ಟಿದ್ದಾರೆ. ಹಾಗಿಲ್ಲ. ಆ ಆರು ‘ಆಸ್ತಿಕ’ ಆದದ್ದು ವೇದವನ್ನು ಪ್ರಮಾಣವೆಂದು ಒಪ್ಪುವ ಲೆಕ್ಕದಲ್ಲಿ. ವೈದಿಕ ಕರ್ಮಗಳ ವಿಚಾರ ಮಾಡುವ ಪೂರ್ವಮೀಮಾಂಸೆ ಅವುಗಳಲ್ಲೆಲ್ಲ ವೇದನಿಷ್ಠ. ಜಗತ್ತನ್ನು ಮಾಡಿದ ಈಶ್ವರ ಮಾತ್ರ ಅದಕ್ಕೆ ಬೇಡ. ಆ ದರ್ಶನದ ಕುಮಾರಿಲ ಭಟ್ಟ ಸೃಷ್ಟಿಕರ್ತನ ಕಲ್ಪನೆಯನ್ನು ಶ್ಲೋಕವಾರ್ತಿಕದಲ್ಲಿ ಬಿಡಿಬಿಡಿಯಾಗಿ ಖಂಡಿಸುತ್ತಾನೆ. ಜಗತ್ತು ಹೀಗಲ್ಲದೆ ಬೇರೆ ರೀತಿ ಎಂದೂ ಇರಲಿಲ್ಲ, ‘ನ ಕದಾಚಿದನೀದೃಶಂ ಜಗತ್’ ಎಂಬುದು ಮೀಮಾಂಸಕರ ಮಾತು. ಆರರಲ್ಲೇ ಇನ್ನೊಂದಾದ ಹಳೆಯ ಸಾಂಖ್ಯದ್ದೂ ನಿರೀಶ್ವರ ನಿಲುವೇ. ಅಂದರೆ ಮನುವಿನ ಲೆಕ್ಕದಲ್ಲಿ ಅಪ್ಪಟ ಆಸ್ತಿಕನಾದ ಮೀಮಾಂಸಕ ನಮ್ಮ ಇಂದಿನ ಕನ್ನಡದಲ್ಲಿ ನಾಸ್ತಿಕ!

ಜೈನರದು ಇದಕ್ಕಿಂತ ಸ್ವಾರಸ್ಯ. ಕಾಶಿಕೆಯ ಪ್ರಕಾರ ಅವರು ಆಸ್ತಿಕರಾಗಬೇಕು, ಏಕೆಂದರೆ ಪರಲೋಕ, ಪುನರ್ಜನ್ಮ ಎಲ್ಲವೂ ಉಂಟು. ಮನುವಿನ ಪ್ರಕಾರ ನಾಸ್ತಿಕರು. ಇನ್ನು ಈಶ್ವರನ ಲೆಕ್ಕಕ್ಕೆ ಬಂದರೆ, ಸೃಷ್ಟಿಕರ್ತ ಇಲ್ಲವೇ ಇಲ್ಲ ಎಂದು ಅವರಷ್ಟು ಖಡಾಖಂಡಿತವಾಗಿ ಹೇಳಿದವರು ಕಡಿಮೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಈ ಪ್ರಶ್ನೆಗಳನ್ನು ಎತ್ತುತ್ತಾರೆ: ಸೃಷ್ಟಿಗೆ ಮೊದಲು ಆ ಕರ್ತೃ ಎಲ್ಲಿದ್ದ? ಸಾಮಗ್ರಿ ಇಲ್ಲದೆ ಹೇಗೆ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿದ ಎಂದರೆ, ಅದನ್ನು ಯಾವುದರಿಂದ ಮಾಡಿದ? ಪಂಪ 941ರಲ್ಲಿ ಕನ್ನಡಕ್ಕೆ ತಂದ ಆದಿಪುರಾಣಕ್ಕೆ ಆಕರ ಇದೇ ಕೃತಿ. ಹೀಗೆಂದು ಮೂಡುಬಿದಿರೆಯ ಬಸದಿಯ ಮುಂದೆ ನಿಂತು, ಅಭಿಷೇಕಕ್ಕೆ ಬಂದವರನ್ನು ‘ನೀವು ನಾಸ್ತಿಕರಲ್ಲವೇ’ ಎಂದು ಕೇಳಿ ನೋಡಿ. ಅವರು ತೀರ್ಥಂಕರರನ್ನು ದೇವರು ಎಂದೇ ಕರೆಯುತ್ತಾರೆ, ಪೂಜೆ ಮಾಡುತ್ತಾರೆ. ಆ ದೇವರು ಜಗತ್ತನ್ನು ಮಾಡಿದವರಲ್ಲ, ಅಷ್ಟೇ.

ಇನ್ನೊಂದು ಕಡೆ, ಕರಾವಳಿಯ ಯಾವ ಬ್ರಹ್ಮಕಲಶೋತ್ಸವದ ಆಮಂತ್ರಣ ತೆಗೆದರೂ ‘ಆಸ್ತಿಕ ಬಾಂಧವರೆಲ್ಲರೂ ತನು-ಮನ-ಧನಗಳಿಂದ ಸಹಕರಿಸಿ ಶ್ರೀದೇವರ ಕೃಪೆಗೆ ಪಾತ್ರರಾಗಬೇಕಾಗಿ’ ಎಂಬ ಸಾಲು ಇರುತ್ತದೆ. ಅಲ್ಲಿ ಆಸ್ತಿಕ ಎಂದರೆ ಪರಲೋಕವೂ ಅಲ್ಲ, ವೇದವೂ ಅಲ್ಲ. ದೇವಸ್ಥಾನಕ್ಕೆ ಬರುವವನು, ರಸೀದಿ ಮಾಡಿಸುವವನು, ಅನ್ನಸಂತರ್ಪಣೆಗೆ ಕೂರುವವನು. ಇದನ್ನು ತಪ್ಪು ಬಳಕೆ ಎಂದು ತಳ್ಳಿಹಾಕಲಾರೆ. ನಡೆಯನ್ನು ಹೇಳಲು ಕನ್ನಡ ಕಂಡುಕೊಂಡ ನಾಲ್ಕನೆಯ ಅರ್ಥ ಎಂದೇ ನಿಘಂಟಿಗೆ ಸೇರಬೇಕು.

ಹಾಗಾಗಿ ಕರಡಿನಲ್ಲಿ ನಾನು ನಿಲುವನ್ನು ಹೇಳುವ ಕಡೆ ‘ನಿರೀಶ್ವರವಾದಿ’ ಎಂದು ಹಾಕಿ, ಎದುರಾಳಿಯನ್ನು ಬೈಯುವ ಕಡೆ ‘ನಾಸ್ತಿಕ’ವನ್ನು ಹಾಗೆಯೇ ಬಿಟ್ಟಿದ್ದೇನೆ. ‘ವಿಚಾರವಾದಿ’ ಎಂದು ಹಾಕಬಹುದಲ್ಲ ಎಂದು ಒಬ್ಬರು ಸೂಚಿಸಿದರು. ಪತ್ರಿಕೆಗಳು ಮರ್ಯಾದೆಗೆ ಹಾಗೆ ಬರೆಯುವುದುಂಟು, ಆದರೆ ಅದು ಬೇರೆ ವಸ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ನೇಮಿಸಿದ ಸಮಿತಿ ಪರೀಕ್ಷೆಗೆ ಒಡ್ಡಹೊರಟದ್ದು ಪವಾಡಗಳನ್ನು ಮತ್ತು ಮೂಢನಂಬಿಕೆಗಳನ್ನು. ದೇವರಿದ್ದಾನೋ ಇಲ್ಲವೋ ಎಂಬುದು ಅದರ ಕೆಲಸವಾಗಿರಲಿಲ್ಲ. ಪವಾಡದ ಭಸ್ಮ ಎಲ್ಲಿಂದ ಬಂತು ಎಂದು ಕೇಳುವವನು ಮನೆಯಲ್ಲಿ ಸಂಜೆ ದೀಪ ಹಚ್ಚುವವನೂ ಆಗಿರಬಹುದು.

ಗೊತ್ತಿಲ್ಲ ಎನ್ನುವವನಿಗೆ ‘ಅಜ್ಞೇಯತಾವಾದಿ’ ಎಂಬುದು ಪಠ್ಯಪುಸ್ತಕದ ಪದ. ಇಂಗ್ಲಿಷ್ ಜೀವವಿಜ್ಞಾನಿ ಹಕ್ಸ್ಲಿ 1869ರಲ್ಲಿ ತನಗಾಗಿ ಟಂಕಿಸಿಕೊಂಡ ‘ಅಗ್ನಾಸ್ಟಿಕ್’ ಎಂಬ ಹೆಸರಿಗೆ ನಾವು ಕೊಟ್ಟ ರೂಪ. ಅಜ್ಞೇಯ ಎಂದರೆ ತಿಳಿಯಲು ಆಗದ್ದು. ‘ನನಗೆ ಸದ್ಯಕ್ಕೆ ತಿಳಿದಿಲ್ಲ’ ಎನ್ನುವವನು ಅಷ್ಟು ದೊಡ್ಡ ಮಾತು ಆಡಿರುವುದಿಲ್ಲ. ಮೈಕಿನಲ್ಲಿ ಅದು ‘ಅಜ್ಞಾನವಾದಿ’ ಎಂದು ಕೇಳಿಸುವ ಅಪಾಯ ಬೇರೆ. ಋಗ್ವೇದದ ನಾಸದೀಯ ಸೂಕ್ತ (10.129) ಈ ಜಗತ್ತು ಎಲ್ಲಿಂದ ಬಂತು ಎಂದು ಕೇಳಿ, ಪರಮವ್ಯೋಮದಲ್ಲಿದ್ದು ಇದನ್ನು ನೋಡುತ್ತಿರುವವನಿಗೆ ಗೊತ್ತಿರಬಹುದು, ‘ಯದಿ ವಾ ನ ವೇದ’, ಅವನಿಗೂ ಗೊತ್ತಿಲ್ಲದಿರಬಹುದು ಎಂದು ನಿಲ್ಲಿಸುತ್ತದೆ. ಆ ಕವಿಯನ್ನು ಯಾವ ‘ವಾದಿ’ ಎನ್ನೋಣ?

ಎರಡನೆಯ ಪದ ‘ಸೃಷ್ಟಿ’. ಕರಡಿನಲ್ಲಿರುವ ವಾಕ್ಯ ಇದು: ‘ವಿಶ್ವದ ಸೃಷ್ಟಿ ಹೇಗಾಯಿತು ಎಂದು ವಿಜ್ಞಾನ ಹೇಳುತ್ತದೆಯೇ ಹೊರತು ಸೃಷ್ಟಿಸಿದ್ದು ಯಾರು ಎಂದು ಹೇಳಿಲ್ಲ.’ ಮೊದಲರ್ಧದಲ್ಲಿ ಸೃಷ್ಟಿ ಎಂದು ಒಪ್ಪಿಕೊಂಡ ಮೇಲೆ ಕರ್ತೃ ಹಿಂಬಾಗಿಲಿನಿಂದ ಬಂದು ಕೂತಾಯಿತು. ವಿಶ್ವ ‘ಹುಟ್ಟಿತು’ ಎಂದಿದ್ದರೆ ಈ ತೊಡಕಿಲ್ಲ. ಹುಟ್ಟು ಅಕರ್ಮಕ, ಹೊಲದಲ್ಲಿ ಕಳೆ ಹುಟ್ಟಿತು ಎಂದರೆ ಹುಟ್ಟಿಸಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ’ ಎನ್ನುವಾಗ ಗಾದೆ ಮಾಡಿಸುವ ಅರ್ಥದ ‘ಇಸು’ ಪ್ರತ್ಯಯ ಹಚ್ಚಿಕೊಂಡೇ ದೇವರನ್ನು ಕರೆತರುತ್ತದೆ.

ಮೂಲದಲ್ಲಿ ಸೃಷ್ಟಿಗೂ ಕುಂಬಾರ ಗಡಿಗೆ ಮಾಡಿದಂತೆ ಎಂಬ ಈ ಅರ್ಥ ಇರಲಿಲ್ಲ. ಸೃಜ್ ಧಾತುವಿಗೆ ಹೊರಬಿಡು ಎಂಬ ಅರ್ಥ. ಮುಂಡಕೋಪನಿಷತ್ತಿನ ಜೇಡ ನೂಲನ್ನು ಬಿಡುತ್ತದೆ, ಒಳಗೆಳೆದುಕೊಳ್ಳುತ್ತದೆ, ‘ಸೃಜತೇ ಗೃಹ್ಣತೇ ಚ’. ಅಲ್ಲಿ ಮಾಡಿದವನೂ ಮಾಡಿದ ವಸ್ತುವೂ ಬೇರೆಯಲ್ಲ. ಗಡಿಗೆ ಇದ್ದರೆ ಕುಂಬಾರ ಇರಲೇಬೇಕು ಎಂಬ ವಾದ ನೈಯಾಯಿಕರದು, ಅಂದರೆ ಆ ಆರರಲ್ಲಿ ಒಂದಾದ ನ್ಯಾಯದರ್ಶನದವರದು. ಇಂದಿನ ಕನ್ನಡದ ‘ಸೃಷ್ಟಿಸು’ ಪೂರ್ತಿಯಾಗಿ ನೈಯಾಯಿಕರ ಪಕ್ಷ ಸೇರಿದೆ: ಉದ್ಯೋಗ ಸೃಷ್ಟಿ, ಗೊಂದಲ ಸೃಷ್ಟಿ. ಪತ್ರಿಕೆಯ ಅಪರಾಧ ಪುಟಕ್ಕೆ ಹೋದರೆ ನಕಲಿ ದಾಖಲೆ ಸೃಷ್ಟಿ.

‘ಮಹಾಸ್ಫೋಟ’ದ್ದೂ ಹೆಚ್ಚುಕಡಿಮೆ ಇದೇ ಕಥೆ. ಬಿಗ್ ಬ್ಯಾಂಗ್ ಎಂಬ ಹೆಸರನ್ನು 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಆಡಿದ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಆ ಸಿದ್ಧಾಂತವನ್ನು ಒಪ್ಪದವರು. ಕನ್ನಡದಲ್ಲಿ ಸ್ಫೋಟ ಎಂದೊಡನೆ ಕಲ್ಲುಕ್ವಾರಿಯ ಮದ್ದು ಕಣ್ಣಿಗೆ ಬರುತ್ತದೆ. ಗೋಷ್ಠಿಯಲ್ಲೂ ‘ಬತ್ತಿಗೆ ಬೆಂಕಿ ಇಟ್ಟವರು ಯಾರು’ ಎಂಬ ಪ್ರಶ್ನೆ ಬಂದು ಜೋರು ನಗೆ ಎದ್ದಿದೆ. ಸಿದ್ಧಾಂತ ಹೇಳುವುದು ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವ ಅತಿ ಬಿಸಿಯಾಗಿ, ಅತಿ ಒತ್ತಾಗಿ ಇತ್ತು, ಆಮೇಲೆ ಹಿಗ್ಗುತ್ತ ತಣಿಯುತ್ತ ಬಂದಿದೆ ಎಂದು. ಒಂದು ಜಾಗದಲ್ಲಿ ಏನೋ ಸಿಡಿದು ಸುತ್ತಲಿನ ಖಾಲಿಗೆ ಚೆದುರಿದ್ದಲ್ಲ, ಜಾಗವೇ ಹಿಗ್ಗಿದ್ದು. 1927ರಲ್ಲೇ ಹಿಗ್ಗುವ ವಿಶ್ವದ ಲೆಕ್ಕ ಮಂಡಿಸಿದ ಬೆಲ್ಜಿಯಮ್ಮಿನ ವಿಜ್ಞಾನಿ ಲೆಮೇತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಅವರೇ ಈ ಲೆಕ್ಕವನ್ನು ದೇವರ ಪರ ಸಾಕ್ಷಿಯಾಗಿ ಬಳಸುವುದನ್ನು ಒಪ್ಪಲಿಲ್ಲ. ‘ಮಹಾಹಿಗ್ಗು’ ಎಂದರೆ ಅರ್ಥ ಸರಿಹೋದೀತು, ಆದರೆ ಓದುಗ ಸಂತೋಷಕೂಟ ಎಂದುಕೊಂಡಾನು. ಹಾಗಾಗಿ ‘ಬಿಗ್ ಬ್ಯಾಂಗ್’ ಎಂದೇ ಬಿಟ್ಟಿದ್ದೇನೆ.

ಉಳಿದದ್ದು ವ್ಯಾಕರಣದ್ದು. ದೇವರಿಗೆ ಯಾವ ಕ್ರಿಯಾರೂಪ? ಗೋಷ್ಠಿಯ ಶೀರ್ಷಿಕೆಯಲ್ಲಿ ‘ದೇವರಿದ್ದಾನೆಯೇ’. ಮಂಗಳೂರು ಕಡೆಯ ಭಾಷಣಕಾರರ ಬಾಯಲ್ಲಿ ‘ದೇವರಿದ್ದಾರೆ’. ಮೈಮೇಲೆ ಬಂದಾಗ ಎಲ್ಲೆಡೆ ‘ದೇವರು ಬಂತು’. ನಿರೀಶ್ವರವಾದಿಗಳಲ್ಲಿ ಒಬ್ಬರು ಬೇಕೆಂದೇ ‘ದೇವರು ಇದೆ ಎನ್ನುವುದಕ್ಕೆ ಪುರಾವೆ ಏನು’ ಎಂದು ನಪುಂಸಕದಲ್ಲಿ ಕೇಳಿದ್ದಾರೆ. ಅದನ್ನು ಏಕರೂಪಕ್ಕೆ ತಂದರೆ ಅವರ ವಾದದ ಮೊನೆಯೇ ಮುರಿಯುತ್ತದೆ. ಮುಟ್ಟದೆ ಬಿಡುವುದೇ ಸರಿ ಅನ್ನಿಸುತ್ತದೆ.

ಕೇಳಬೇಕಾದದ್ದು ಇಷ್ಟು. ‘ನಾಸ್ತಿಕ’ ಪದ ‘ಈಶ್ವರನನ್ನು ಒಪ್ಪದವನು’ ಎಂಬ ಅರ್ಥದಲ್ಲೇ ಬಂದಿರುವ ಹಳಗನ್ನಡ, ನಡುಗನ್ನಡ ಪ್ರಯೋಗ ಯಾರಿಗಾದರೂ ಸಿಕ್ಕಿದೆಯೇ? ಬೈಗುಳವಾಗಿ ಬಂದಿರುವುದಲ್ಲ, ಅರ್ಥ ಖಚಿತವಾಗಿ ತಿಳಿಯುವಂಥದ್ದು ಬೇಕು. ‘ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು’ ಎನ್ನುವವನಿಗೆ ಬಳ್ಳಾರಿ, ಧಾರವಾಡ, ಕಲಬುರಗಿ ಕಡೆ ಆಡುಮಾತಿನ ಪದ ಇದ್ದರೆ ದಯವಿಟ್ಟು ವಾಕ್ಯದ ಸಮೇತ ಬರೆಯಿರಿ. ಬಿಡಿಪದ ಕೊಟ್ಟರೆ ಬಳಸುವುದು ಹೇಗೆಂದು ತಿಳಿಯುವುದಿಲ್ಲ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.